ಎಣ್ಣೆ ಮುಚ್ಚಳದೊಳಗಿನ ಬೆಣ್ಣೆ

ಫ್ಲೆಮಿಂಗ್ಸ್‌ಬೆರ್ಯ್
ಸ್ವೀಡನ್
5 ನವೆಂಬರ್ 2023

ಪೂಜ್ಯ ಭಾವನವರಿಗೆ ಕೋಕಿಲಾಳ ನಮಸ್ಕಾರಗಳು.

ಫೋನು ಮಾಡಿದಾಗಲೆಲ್ಲ ನಿಮ್ಮ ಮೊಮ್ಮಗಳು ವರ್ಷಾನೇ ಎತ್ತಿಕೊಂಡು, "ತಾತ ಈಗಷ್ಟೇ ಹೊರಗೆ ಹೋದ್ರು ಚಿಕ್ಕಜ್ಜಿ" ಅನ್ನುತ್ತಾಳೆ. ನಲವತ್ತೆಂಟಕ್ಕೆ ಅಜ್ಜಿಯಾದದ್ದನ್ನು ಸಹಿಸಿಕೊಂಡೆ. ನೀವು ಪ್ರತಿಸಲವೂ ಆಗಷ್ಟೇ ಹೊರಗೆ ಹೋಗುವುದನ್ನು ಮಾತ್ರ ನಂಬಲಾಗಲಿಲ್ಲ. ನಿಮ್ಮ ತಮ್ಮ ನಂದ ಅವರ ಅಂತ್ಯಕಾರ್ಯಗಳನ್ನೆಲ್ಲ ಇಲ್ಲೇ ಮುಗಿಸಿದೆನೆಂದು ನಿಮಗೆ ಸಿಟ್ಟಿರಬಹುದು. ಇದ್ದರೆ ಅದು ನ್ಯಾಯವೇ. ಆದರೆ ಈ ಪತ್ರ ಅದರ ಬಗ್ಗೆ ಅಲ್ಲ. ಕಾರಿನ ಬಗ್ಗೆ.

ಆಯುಧಪೂಜೆಯ ದಿನ ಅವರು ಬಾನೆಟ್ ಎತ್ತಿ, ಎಂಜಿನ್ ಎಣ್ಣೆಯ ಮುಚ್ಚಳಕ್ಕೂ ಕುಂಕುಮ ಇಡುತ್ತಿದ್ದರು. ಹಾಗೆ ಕಲಿಸಿದವರು ನೀವೇ ಎಂದು ಹೇಳುತ್ತಿದ್ದರು. ಈ ಸಲ ನಾನೂ ಮಗಳು ಅನ್ಯಾಳೂ ಪಾರ್ಕಿಂಗಿನಲ್ಲಿ ಗಾಳಿಗೆ ದೀಪ ಆರದ ಹಾಗೆ ಅಡ್ಡ ನಿಂತುಕೊಂಡು ಪೂಜೆ ಮಾಡಿದೆವು. ಕುಂಕುಮ ಇಡುವಾಗ ಮುಚ್ಚಳ ಸ್ವಲ್ಪ ತಿರುಗಿತು. ತೆಗೆದು ನೋಡಿದರೆ ಒಳಗೆಲ್ಲ ಬೆಣ್ಣೆ. ಕಾಫಿ ಬೆರೆಸಿ ಕಡೆದ ಹಾಗಿನ ಬಣ್ಣ. ಮೂಸಿ ನೋಡಿದೆ, ಪೆಟ್ರೋಲ್ ವಾಸನೆ. ಏನಿದು?

ಕಾರು ದಿನವೂ ಬೆಳಿಗ್ಗೆ ತಪ್ಪದೆ ಸ್ಟಾರ್ಟ್ ಆಗುತ್ತದೆ. ಕೊನೆಯ ಸಲ ಎಣ್ಣೆ ಬದಲಿಸಿದ್ದು ಹೋದ ವರ್ಷದ ಅಕ್ಟೋಬರ್, ಅವರ ಕೈಬರಹದಲ್ಲೇ ಕಾರಿನ ಪುಸ್ತಕದಲ್ಲಿದೆ. ಇಪ್ಪತ್ತು ಸಾವಿರ ಕಿಲೋಮೀಟರಿಗೊಮ್ಮೆ ಬದಲಿಸಬೇಕಂತೆ, ಅಷ್ಟು ಓಡಿಲ್ಲ. ನೀವು ಮೊದಲು ಕೇಳುವುದು ಅದನ್ನೇ ಎಂದು ಮೀಟರ್ ನೋಡಿ ಬಂದೆ: 1,84,312.

ಏಪ್ರಿಲ್ ಕೊನೆಯೊಳಗೆ ಇಲ್ಲಿನ ವಾಹನ ತಪಾಸಣೆ ಆಗಬೇಕು. ಪಾಸಾಗದಿದ್ದರೆ ರಸ್ತೆಗಿಳಿಸುವಂತಿಲ್ಲ. ಹದಿನಾಲ್ಕು ವರ್ಷದ ಕಾರು, ಗುಜರಿಗೆ ಹಾಕಿ ಎನ್ನುವವರೇ ಎಲ್ಲ. ಭಾವ, ಮನೆಯಲ್ಲಿ ಅವರ ಅಂಗಿಗಳನ್ನು ಕೊಟ್ಟುಬಿಟ್ಟೆ, ಪುಸ್ತಕಗಳನ್ನು ಕೊಟ್ಟೆ. ಈ ಎಂಜಿನ್ ಒಂದು ನಿಲ್ಲಬಾರದು.

ಇತಿ,
ಕೋಕಿಲಾ

•

ತಿಪಟೂರು
27 ನವೆಂಬರ್ 2023

ಕೋಕಿಲಾಳಿಗೆ ಬದರಿನಾಥನ ಆಶೀರ್ವಾದಗಳು.

ನಿನ್ನ ಹೆಸರಿನ ಹಿಂದೆ ಏನು ಬರೆಯಬೇಕು ಎಂದು ಹತ್ತು ನಿಮಿಷ ಪೆನ್ನು ಹಿಡಿದು ಕೂತಿದ್ದೆ. ತಿಳಿಯಲಿಲ್ಲ. ಬಿಟ್ಟಿದ್ದೇನೆ.

ಸಿಟ್ಟೇನೂ ಇಲ್ಲ. ಫೋನಿನ ಮಾತು ನನಗೆ ಒಗ್ಗುವುದಿಲ್ಲ. ಬರೆ. ಬರೆದದ್ದನ್ನು ಎರಡು ಸಲ ಓದಬಹುದು.

ಬೆಣ್ಣೆಯ ವಿಷಯ. ಅನ್ನದ ಪಾತ್ರೆಯ ಮುಚ್ಚಳ ತೆಗೆದರೆ ಒಳಗೆ ನೀರ ಹನಿ ಇರುತ್ತದಲ್ಲ, ಎಂಜಿನ್ನಿಗೂ ಹಾಗೇ. ಉರಿಯುವಾಗ ನೀರಿನ ಆವಿ ಹುಟ್ಟುತ್ತದೆ. ಸ್ವಲ್ಪ ಆವಿ, ಸ್ವಲ್ಪ ಉರಿಯದ ಪೆಟ್ರೋಲ್ ಕೆಳಗೆ ಎಣ್ಣೆಗೆ ಇಳಿಯುತ್ತದೆ. ಎಣ್ಣೆ ಚೆನ್ನಾಗಿ ಕಾದರೆ ಎರಡೂ ಹಾರಿಹೋಗುತ್ತವೆ. ಕಾಯದಿದ್ದರೆ ಅಲ್ಲೇ ಕಲೆಸಿಕೊಂಡು ಬೆಣ್ಣೆಯಾಗುತ್ತದೆ, ದಿನ ಕಳೆದಂತೆ ಕಪ್ಪು ಕೆಸರಾಗುತ್ತದೆ. ಕೆಸರು ಕೆಳಗಿನ ಜಾಲರಿಗೆ ಅಂಟಿಕೊಂಡರೆ ಎಣ್ಣೆ ಮೇಲಕ್ಕೆ ಹೋಗುವುದಿಲ್ಲ. ಎಂಜಿನ್ ಹಾಳಾಗುವುದು ಹೀಗೆ, ಒಂದೇ ದಿನದಲ್ಲಲ್ಲ.

ಆದರೆ ನೀನು ದಿನಾ ಓಡಿಸುವವಳು. ಶಾಲೆಯಿಂದ ಶಾಲೆಗೆ ಹೋಗಿ ಮಕ್ಕಳಿಗೆ ಕನ್ನಡ ಕಲಿಸುತ್ತೀಯೆಂದು ನಂದ ಹೇಳಿದ್ದ. ಹಾಗಿದ್ದ ಮೇಲೆ ಎಣ್ಣೆ ಕಾಯಲೇಬೇಕು. ಅದಕ್ಕೇ ನನಗೆ ಬೇರೆ ಅನುಮಾನ, ಎಂಜಿನ್ ತಂಪು ಮಾಡುವ ನೀರು ಎಣ್ಣೆಗೆ ಸೋರುತ್ತಿರಬಹುದು. ನೀರಿನ ಡಬ್ಬಿಗೆ ಗುರುತು ಹಾಕಿ ಹದಿನೈದು ದಿನ ನೋಡು. ಇಳಿಯದಿದ್ದರೆ ಆ ಭಯ ಇಲ್ಲ.

ಕಿಲೋಮೀಟರ್ ಲೆಕ್ಕ ನಂಬಿ ಕೂರಬೇಡ. ಎಣ್ಣೆಗೆ ವಯಸ್ಸೂ ಇದೆ. ವರ್ಷ ದಾಟಿದೆ, ಈ ವಾರವೇ ಬದಲಾಯಿಸು. ಮುಂದಿನ ಪತ್ರದ ತಲೆಯಲ್ಲಿ ಮೀಟರ್ ಓದು ಬರೆ, ನಮ್ಮ ಬಸ್ ಡಿಪೋದ ಲಾಗ್ ಶೀಟಿನ ಹಾಗೆ. ಎಂಜಿನ್ ಸದ್ದು ಹೇಗಿದೆ ಎಂದೂ ಬರೆ. ನಿನಗೆ ಪದ್ಯ ಓದಿ ಅಭ್ಯಾಸ. ಮಾತಿನಲ್ಲೇ ಬರೆ.

ಬದರಿ

•

ಫ್ಲೆಮಿಂಗ್ಸ್‌ಬೆರ್ಯ್
20 ಡಿಸೆಂಬರ್ 2023
ಕಿ.ಮೀ. 1,84,312

ಪೂಜ್ಯ ಭಾವನವರಿಗೆ ನಮಸ್ಕಾರಗಳು.

ನೀರಿನ ಡಬ್ಬಿಗೆ ಅನ್ಯಾಳ ಟೇಪಿನ ಗುರುತು ಅಂಟಿಸಿದೆ. ಕೂದಲೆಳೆಯಷ್ಟೂ ಇಳಿದಿಲ್ಲ. ಎಣ್ಣೆ ಬದಲಿಸಲು ಇನ್ನೂ ಆಗಿಲ್ಲ. ಗ್ಯಾರೇಜಿಗೆ ಒಯ್ಯಲು ಒಂದಲ್ಲ ಒಂದು ಅಡ್ಡಿ.

ಇನ್ನು ಸದ್ದು. ಮೊದಲ ಅರ್ಧ ನಿಮಿಷ ಮೊರದಲ್ಲಿ ಹುಣಸೆಬೀಜ ಕೇರಿದ ಹಾಗೆ. ಆಮೇಲೆ ಬೀಜ ಕಡಿಮೆಯಾಗಿ ಮೊರದ ಸದ್ದೇ ಉಳಿಯುತ್ತದೆ. ಐದನೇ ನಿಮಿಷದ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಯಾರೋ ನಿಧಾನವಾಗಿ ಉಸಿರಾಡುತ್ತಿರುವಂತೆ. ನಾನು ಕಾಯುವುದು ಆ ಕೊನೆಯ ಸದ್ದಿಗೆ. ಹೋದ ವಾರದಿಂದ ಎಣ್ಣೆಯ ಕೆಂಪು ದೀಪ ಒಂದೆರಡು ಸಲ ಮಿಣುಕಿತು. ಅದೂ ಆ ಐದು ನಿಮಿಷದೊಳಗೆ.

ನಮ್ಮ ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷ ಯೊರಾನ್ ಎಂಬ ಮುದುಕ ಗಾಜಿಗೆ ಚೀಟಿ ಸಿಕ್ಕಿಸಿದ್ದಾನೆ. ನಿಂತ ಕಾರಿನ ಎಂಜಿನ್ ಒಂದು ನಿಮಿಷಕ್ಕಿಂತ ಹೆಚ್ಚು ಓಡಿಸಬಾರದಂತೆ. ಕೊನೆಯಲ್ಲಿ ಒಂದು ನಗುಮುಖ ಬರೆದಿದ್ದಾನೆ. ಇಲ್ಲಿ ನಗುಮುಖ ಇದ್ದರೆ ವಿಷಯ ಗಂಭೀರ ಎಂದರ್ಥ.

ಅಂಗಡಿಯಲ್ಲಿ ಒಂದು ಬಾಟಲಿ ಸಿಕ್ಕಿತು. ಹಳೆಯ ಎಣ್ಣೆಗೆ ಸುರಿದು ಹತ್ತು ನಿಮಿಷ ಎಂಜಿನ್ ಓಡಿಸಿದರೆ ಒಳಗಿನ ಕೆಸರೆಲ್ಲ ಕರಗಿ ಬರುತ್ತದಂತೆ. ಸುರಿಯಲೇ?

ನನ್ನ ವರ್ಣನೆಗಿಂತ ನಿಮ್ಮ ಕಿವಿಯೇ ಮೇಲು. ಅನ್ಯಾಳಿಗೆ ಹೇಳಿ ಎಂಜಿನ್ ಸದ್ದಿನ ರೆಕಾರ್ಡಿಂಗ್ ವರ್ಷಾಳ ಫೋನಿಗೆ ಕಳಿಸಿದ್ದೇನೆ. ಇಡೀ ಡಿಪೋದಲ್ಲಿ ಕಣ್ಣು ಮುಚ್ಚಿ ಯಾವ ಬಸ್ಸು ಎಂದು ಹೇಳುತ್ತಿದ್ದವರು ನೀವೊಬ್ಬರೇ ಎಂದು ನಂದ ಬೇಕಾದಷ್ಟು ಸಲ ಹೇಳಿದ್ದಾರೆ. ದಯವಿಟ್ಟು ಕೇಳಿ.

ಕೋಕಿಲಾ

•

ತಿಪಟೂರು
12 ಜನವರಿ 2024

ಚಿ. ಕೋಕಿಲಾಗೆ ಆಶೀರ್ವಾದಗಳು.

ನಿನ್ನ ಪತ್ರ ಇವತ್ತು ಬಂತು. ಕೂಡಲೇ ವರ್ಷಾ ಕೈಲಿ ಅನ್ಯಾಗೆ ಒಂದು ಸಾಲು ಕಳಿಸಿದ್ದೇನೆ: ಕೀ ತಿರುಗಿಸಬೇಡಿ. ಕಾರಣ ಇಲ್ಲಿ ಬರೆಯುತ್ತಿದ್ದೇನೆ.

ಆ ಬಾಟಲಿ ಸುರಿಯಬೇಡ. 1994ರಲ್ಲಿ ಡಿಪೋದ ಜೀಪಿಗೆ ನಾನೇ ಡೀಸೆಲ್ ಸುರಿದು ತೊಳೆದೆ. ಎಲ್ಲರೂ ಹಾಗೇ ಮಾಡುತ್ತಿದ್ದರು. ವರ್ಷಗಟ್ಟಲೆ ಗೋಡೆಗೆ ಅಂಟಿ ಸುಮ್ಮನಿದ್ದ ಕೆಸರು ಹೆಪ್ಪು ಹೆಪ್ಪಾಗಿ ಎದ್ದು ಹೋಗಿ ಜಾಲರಿಗೆ ಕೂತಿತು. ಅರಸೀಕೆರೆ ದಾರಿಯಲ್ಲಿ ಎಂಜಿನ್ ಕಚ್ಚಿಕೊಂಡಿತು. ಮೇಲಿನವರಿಗೆ ಎಣ್ಣೆ ಸರಿ ಇರಲಿಲ್ಲ ಎಂದು ಬರೆದುಕೊಟ್ಟೆ. ಸರಿ ಇರದಿದ್ದದ್ದು ನನ್ನ ಆತುರ. ಮೂವತ್ತು ವರ್ಷಕ್ಕೆ ಮೊದಲ ಸಲ ಹೇಳುತ್ತಿದ್ದೇನೆ, ಅದೂ ಸ್ವೀಡನ್ನಿನವರೆಗೆ.

ಕೆಂಪು ದೀಪ ಮಿಣುಕಿತು ಎಂದರೆ ಜಾಲರಿ ಕಟ್ಟುತ್ತಿದೆ. ಕಾರನ್ನು ಎಳೆಸಿಕೊಂಡು ಗ್ಯಾರೇಜಿಗೆ ಹೋಗು. ಕೆಳಗಿನ ಎಣ್ಣೆ ತೊಟ್ಟಿ ಬಿಚ್ಚಿಸಿ ಜಾಲರಿಯನ್ನು ಕೈಯಲ್ಲೇ ತೊಳೆಸು. ಎಂಜಿನ್ ಉಸಿರು ಬಿಡುವ ಒಂದು ಕೊಳವೆ ಇದೆ, ಚಳಿ ದೇಶದಲ್ಲಿ ಅದರೊಳಗೆ ಬೆಣ್ಣೆ ಹೆಪ್ಪುಗಟ್ಟಿ ಉಸಿರೇ ನಿಲ್ಲುತ್ತದೆ. ಅದನ್ನೂ ನೋಡಿಸು. ಪುಸ್ತಕದಲ್ಲಿ ಹೇಳಿದ ಜಾತಿಯದೇ ಹೊಸ ಎಣ್ಣೆ, ಹೊಸ ಫಿಲ್ಟರ್. ಸಾವಿರ ಕಿಲೋಮೀಟರಿಗೆ ಮತ್ತೊಮ್ಮೆ ಬದಲಾವಣೆ. ಹೊಸ ಎಣ್ಣೆಯೇ ಉಳಿದ ಕೊಳೆಯನ್ನು ನಿಧಾನವಾಗಿ ಎತ್ತಿಕೊಂಡು ಬರುತ್ತದೆ. ಬೇರೆ ಔಷಧ ಬೇಡ.

ನೀನು ಕಳಿಸಿದ ಸದ್ದು ಕೇಳಿದೆ. ಎಂಜಿನ್ ಹದವಾಗಿಯೇ ಇದೆ, ಮೇಲ್ಭಾಗದಲ್ಲಿ ಸ್ವಲ್ಪ ಟ್ಯಾಪೆಟ್ ಸದ್ದು, ವಾಲ್ವು ತಟ್ಟುವ ಟಕಟಕ, ಇರಬಹುದು. ಗಾಬರಿ ಬೇಡ.

ಇನ್ನೊಂದು. ನವೆಂಬರಿನಲ್ಲೂ 1,84,312, ಡಿಸೆಂಬರಿನಲ್ಲೂ 1,84,312. ಮೀಟರ್ ಕೆಟ್ಟಿರಬೇಕು. ಅದನ್ನೂ ತೋರಿಸು.

ಬದರಿ

•

ಫ್ಲೆಮಿಂಗ್ಸ್‌ಬೆರ್ಯ್
4 ಫೆಬ್ರವರಿ 2024
ಕಿ.ಮೀ. 1,84,312

ಭಾವ,

ಮೀಟರ್ ಕೆಟ್ಟಿಲ್ಲ.

ನಾನು ಶಾಲೆಗಳಿಗೆ ಹೋಗುವುದು ರೈಲಿನಲ್ಲಿ, ಬಸ್ಸಿನಲ್ಲಿ. ಕಾರು ಹೋದ ಫೆಬ್ರವರಿಯಲ್ಲಿ ಅವರು ನಿಲ್ಲಿಸಿದ ಜಾಗದಲ್ಲೇ ಇದೆ. ಮರುದಿನ ಬೆಳಿಗ್ಗೆ ಆಫೀಸಿಗೆ ರೈಲಿನಲ್ಲಿ ಹೋದರು, ಸಂಜೆ ಬರಲಿಲ್ಲ. ಅಷ್ಟು ನಿಮಗೆ ಗೊತ್ತು. ನಿಮಗೆ ಗೊತ್ತಿಲ್ಲದ್ದು ಡ್ರೈವರ್ ಸೀಟಿನ ವಿಷಯ. ಅವರು ಆರಡಿ, ಸೀಟು ಪೂರ್ತಿ ಹಿಂದೆ. ನಾನು ಕೂತರೆ ಕಾಲು ಕ್ಲಚ್ಚಿಗೆ ಎಟುಕುವುದಿಲ್ಲ. ಸೀಟಿನ ಕೆಳಗೆ ಒಂದು ಹಿಡಿ ಇದೆ, ಎಳೆದರೆ ಮುಂದೆ ಬರುತ್ತದೆ. ಅಷ್ಟೇ ಕೆಲಸ. ಒಂದು ವರ್ಷದಿಂದ ಆಗಿಲ್ಲ.

ದಿನಾ ಬೆಳಿಗ್ಗೆ ಪಕ್ಕದ ಸೀಟಿನಲ್ಲಿ, ನನ್ನ ಸೀಟಿನಲ್ಲಿ ಕೂತು, ಬಗ್ಗಿ ಕೈ ಚಾಚಿ ಕೀ ತಿರುಗಿಸುತ್ತೇನೆ. ಐದು ನಿಮಿಷ. ಆರಿಸಿ ರೈಲಿಗೆ ಹೋಗುತ್ತೇನೆ. ದಿನವೂ ಸ್ಟಾರ್ಟ್ ಆಗುತ್ತದೆ ಎಂದು ಬರೆದೆ, ಅದು ಸುಳ್ಳಲ್ಲ. ಎಂಜಿನ್ ಬದುಕಿರಲಿ ಎಂದೇ ಮಾಡಿದ್ದು. ಎಣ್ಣೆ ಕಾಯದಿದ್ದರೆ ಕೆಸರು ಎಂದು ನೀವು ನವೆಂಬರಿನಲ್ಲೇ ಬರೆದಿರಿ. ಅದನ್ನು ಓದಿದ ಮರುದಿನವೂ ತಿರುಗಿಸಿದೆ. ಡಿಸೆಂಬರಿನ ಪತ್ರಕ್ಕೆ ಮೀಟರ್ ಓದು ಬರೆಯುವಾಗ ಐನೂರು ಕಿಲೋಮೀಟರ್ ಸೇರಿಸಿ ಬರೆದರೆ ಯಾರಿಗೆ ಗೊತ್ತಾಗುತ್ತದೆ ಎಂದು ಯೋಚಿಸಿದೆ. ಅವರ ಕಾರಿಗೆ ಅವರು ಓಡದ ದಾರಿ ಬರೆಯಲು ಮನಸ್ಸು ಬರಲಿಲ್ಲ.

ಇನ್ನೂ ಒಂದು ಹೇಳಬೇಕು. ನಿಮ್ಮ ಸಂದೇಶ ಅದೇ ದಿನ ಬಂತು. ಅನ್ಯಾ ಓದಿ ಹೇಳಿದಳು. ಸರಿ ಎಂದೆ. ಆಮೇಲೆ ಒಂಬತ್ತು ದಿನ ಅವಳು ಏಳುವ ಮೊದಲೇ ಇಳಿದು ಹೋಗಿ ಕೀ ತಿರುಗಿಸಿದೆ. ಹತ್ತನೇ ದಿನ ಕೆಂಪು ದೀಪ ಮಿಣುಕಲಿಲ್ಲ, ಉರಿದೇ ನಿಂತಿತು. ಬೀಜ ಕೇರುವ ಸದ್ದು ಹೋಗಿ ಕಲ್ಲು ಕುಟ್ಟಿದ ಹಾಗಾಯಿತು. ಆರಿಸಿದೆ. ಅವತ್ತಿನಿಂದ ಮುಟ್ಟಿಲ್ಲ. ಗ್ಯಾರೇಜಿಗೂ ಹೇಳಿಲ್ಲ. ಬಿಚ್ಚಿ ನೋಡಿ "ಮುಗಿದಿದೆ" ಎಂದರೆ, ಅದನ್ನು ಮುಗಿಸಿದವಳು ನಾನೇ ಆಗುತ್ತೇನೆ.

ಈಗ ನಿಮ್ಮ ಸರದಿ. ಅನ್ಯಾ ಮೊನ್ನೆ ಫೋನು ನೋಡಿ ಬಾಯಿಗೆ ಕೈ ಇಟ್ಟುಕೊಂಡಳು. ಡಿಸೆಂಬರಿನಲ್ಲಿ ವರ್ಷಾಗೆ ಹೋದದ್ದು ಎಂಜಿನ್ ಸದ್ದೇ ಅಲ್ಲವಂತೆ. ಅವಳ ಶಾಲೆಯ ಹುಡುಗಿಯರು ಲೂಸಿಯಾ ಹಬ್ಬಕ್ಕೆ ಮೇಣದ ಬತ್ತಿ ಹಿಡಿದು ಹಾಡಿದ ಹಾಡು. ನೀವು ಅದನ್ನು ಕೇಳಿ, ಎಂಜಿನ್ ಹದವಾಗಿದೆ, ಟ್ಯಾಪೆಟ್ ಸದ್ದು ಸ್ವಲ್ಪ ಇರಬಹುದು ಎಂದು ಬರೆದಿದ್ದೀರಿ.

ಏನಾಗಿದೆ ಭಾವ?

ಕೋಕಿಲಾ

•

ತಿಪಟೂರು
26 ಫೆಬ್ರವರಿ 2024

ಚಿ.ಸೌ. ಕೋಕಿಲಾಗೆ ಆಶೀರ್ವಾದಗಳು.

ಇವತ್ತು ಕೈ ತಾನಾಗಿಯೇ ಹೀಗೆ ಬರೆಯಿತು. ತಿದ್ದುವುದಿಲ್ಲ. ನಮ್ಮ ಮನೆಗೆ ಬಂದಾಗ ನೀನು ಏನಾಗಿದ್ದೆಯೋ ಅದೇ ಆಗಿದ್ದೀಯ.

ನನಗೆ ಕಿವಿ ಕೇಳುವುದಿಲ್ಲ. ಎರಡು ವರ್ಷವಾಯಿತು. ಎಡಗಿವಿ ಮೊದಲು, ಆಮೇಲೆ ಬಲಗಿವಿ. ಮೂವತ್ತೆಂಟು ವರ್ಷ ಎಂಜಿನ್ನುಗಳ ನಡುವೆ ತಲೆ ಇಟ್ಟವನಿಗೆ ಅದು ಬರಬೇಕಾದದ್ದೇ. ಆದರೆ ಸದ್ದಿನಿಂದಲೇ ಹೆಸರು ಮಾಡಿದವನು "ನನಗೆ ಕೇಳಿಸುತ್ತಿಲ್ಲ" ಎಂದು ಹೇಗೆ ಹೇಳುವುದು? ಮನೆಯವರಿಗೆ ಗೊತ್ತು. ನಂದನಿಗೆ ಹೇಳಿರಲಿಲ್ಲ. ಫೋನು ಬಂದಾಗ ಹೊರಗೆ ಹೋಗುತ್ತಿದ್ದೆ. ವರ್ಷಾ ಹೇಳಿದ್ದು ಸುಳ್ಳಲ್ಲ, ನಿಜವಾಗಿಯೂ ಚಪ್ಪಲಿ ಮೆಟ್ಟಿಕೊಂಡು ಹೋಗಿಬಿಡುತ್ತಿದ್ದೆ.

ನೀನು ಕಳಿಸಿದ್ದನ್ನು ಬಿಡಲಿಕ್ಕೆ ಮನಸ್ಸಾಗಲಿಲ್ಲ. ವರ್ಷಾ ಫೋನು ಕೊಟ್ಟು ಕಾಲೇಜಿಗೆ ಹೊರಟಳು. ಸ್ಟೀಲ್ ತಟ್ಟೆಯ ಮೇಲೆ ಫೋನಿಟ್ಟು, ನನ್ನ ಹಳೆಯ ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ತಟ್ಟೆಗೆ ಒತ್ತಿ, ಹಿಡಿಯನ್ನು ಹಲ್ಲಲ್ಲಿ ಕಚ್ಚಿಕೊಂಡೆ. ಡಿಪೋದಲ್ಲಿ ಕಿವಿಗೆ ಒತ್ತಿಕೊಳ್ಳುತ್ತಿದ್ದದ್ದು. ಸಣ್ಣಗೆ, ಒಂದೇ ಸಮನೆ ನಡುಕ ಬಂತು. ಇಷ್ಟು ಹದವಾದ ಎಂಜಿನ್ ನಾನು ನೋಡೇ ಇಲ್ಲ ಅಂದುಕೊಂಡೆ. ಮಕ್ಕಳ ಹಾಡಾಗಿತ್ತೇ? ಚೆನ್ನಾಗಿ ಹಾಡುತ್ತಾರೆ ಎಂದು ಅನ್ಯಾಗೆ ಹೇಳು.

ನಂದನ ಕಾರ್ಯದ ದಿನ ಫೋನಿನ ಪರದೆಯಲ್ಲಿ ನೀನು ನನ್ನನ್ನು ನೋಡಿ ಏನೋ ಕೇಳಿದೆ. ತುಟಿ ಕಂಡಿತು, ಮಾತು ಕಾಣಲಿಲ್ಲ. ತಲೆಯಾಡಿಸಿದೆ. ಏನು ಕೇಳಿದೆಯೋ, ಯಾವುದಕ್ಕೆ ಹೂಂ ಅಂದೆನೋ, ಇವತ್ತಿಗೂ ಗೊತ್ತಿಲ್ಲ. ಆ ಮೇಲೆ ನಿನ್ನ ಫೋನಿಗೆ ಇನ್ನೂ ಹೆದರಿದೆ.

ಮೀಟರ್ ಕೆಟ್ಟಿರಬೇಕು ಎಂದು ಬರೆಯುವಾಗ ಅದು ಕೆಟ್ಟಿಲ್ಲ ಎಂದು ನನಗೆ ಗೊತ್ತಿತ್ತು. ಬೇಕಿದ್ದರೆ ನೀನೂ ಹಾಗೇ ಅಂದುಕೊಳ್ಳಬಹುದು ಎಂದು ಬಿಟ್ಟೆ. ನೀನು ಅಂದುಕೊಳ್ಳಲಿಲ್ಲ. ಒಳ್ಳೆಯದಾಯಿತು.

ಈಗ ಕೆಲಸದ ಮಾತು. ದೀಪ ಉರಿದ ಕೂಡಲೇ ಆರಿಸಿದ್ದೀಯ. ಆರಿಸಿದವಳು ಎಂಜಿನ್ ಕೊಂದವಳಲ್ಲ. ಬಿಚ್ಚಿಸು. ಇರುವುದು ಗೊತ್ತಾಗಲಿ.

ಸೀಟಿನ ಮಾತು. ನಮ್ಮಲ್ಲಿ ಒಂದು ಬಸ್ಸಿಗೆ ಇಬ್ಬರು ಡ್ರೈವರು, ಹಗಲಿಗೊಬ್ಬ, ರಾತ್ರಿಗೊಬ್ಬ. ಒಬ್ಬ ಉದ್ದ, ಒಬ್ಬ ಗಿಡ್ಡ. ಸೀಟು ಸರಿಸಿದ ಎಂದು ದಿನಾ ಜಗಳ. ಕೊನೆಗೆ ಸೀಟು ಜಾರುವ ಕಂಬಿಯ ಮೇಲೆ ಇಬ್ಬರಿಗೂ ಒಂದೊಂದು ಬಣ್ಣದ ಚುಕ್ಕೆ ಇಟ್ಟುಕೊಟ್ಟೆ. ಬಂದವನು ತನ್ನ ಚುಕ್ಕೆಗೆ ಎಳೆದುಕೊಳ್ಳುತ್ತಿದ್ದ, ಇನ್ನೊಬ್ಬನ ಚುಕ್ಕೆ ಅಲ್ಲೇ ಇರುತ್ತಿತ್ತು. ಸರಿಸುವ ಮೊದಲು ನಂದನ ಜಾಗಕ್ಕೆ ಒಂದು ಚುಕ್ಕೆ ಇಡು. ಆಮೇಲೆ ಹಿಡಿ ಎಳೆ.

ಬದರಿ

•

ಫ್ಲೆಮಿಂಗ್ಸ್‌ಬೆರ್ಯ್
14 ಏಪ್ರಿಲ್ 2024
ಕಿ.ಮೀ. 1,84,447

ಪೂಜ್ಯ ಭಾವನವರಿಗೆ ನಮಸ್ಕಾರಗಳು.

ಮೇಲಿನ ಸಂಖ್ಯೆಯನ್ನು ಎರಡು ಸಲ ಓದಿರುತ್ತೀರಿ. ಸರಿಯಾಗೇ ಇದೆ.

ಕಾರನ್ನು ಎಳೆದುಕೊಂಡು ಹೋಗುವ ಲಾರಿ ಬಂದಾಗ ಯೊರಾನ್ ಬಾಲ್ಕನಿಯಿಂದ ಇಳಿದು ಬಂದ. ಚೀಟಿ ಬರೆದದ್ದಕ್ಕೆ ನೊಂದುಕೊಂಡು, ಕಾರು ತೀರಿಹೋಯಿತೇ ಎಂದು ಕೇಳಿದ. ಇನ್ನೂ ಗೊತ್ತಿಲ್ಲ ಎಂದೆ. ಅವನು ನನ್ನ ಜೊತೆ ಲಾರಿ ತಿರುವು ದಾಟುವವರೆಗೂ ನಿಂತಿದ್ದ.

ಗ್ಯಾರೇಜಿನ ಲೇನಾ ನನ್ನ ವಯಸ್ಸಿನವಳು. ನಿಮ್ಮ ಪತ್ರದ ಪಟ್ಟಿಯನ್ನು ಸ್ವೀಡಿಷಿಗೆ ಮಾಡಿ ಕೊಟ್ಟೆ. ಓದಿ, ಇದನ್ನು ಬರೆದವರು ಯಾವ ಗ್ಯಾರೇಜಿನವರು ಎಂದಳು. ತಿಪಟೂರು ಎಂದೆ. ತೊಟ್ಟಿ ಬಿಚ್ಚುವಾಗ ನನ್ನನ್ನು ಕರೆದು ತೋರಿಸಿದಳು. ತಳದಲ್ಲಿ ಹೋಳಿಗೆಯ ಹೂರಣದಷ್ಟು ಗಟ್ಟಿಯಾಗಿ ಕಪ್ಪು ಕೆಸರು. ಜಾಲರಿ ಮುಕ್ಕಾಲು ಭಾಗ ಮುಚ್ಚಿತ್ತು, ಉಸಿರಿನ ಕೊಳವೆ ಪೂರ್ತಿ ಕಟ್ಟಿತ್ತು. ಒಳಗಿನ ಬೇರಿಂಗುಗಳ ಮೇಲೆ ಒಂದೊಂದಾಗಿ ಬೆರಳಾಡಿಸಿ ನೋಡಿದಳು. ಆಮೇಲೆ, ಇನ್ನೊಂದು ಬೆಳಿಗ್ಗೆ ಆಗಿದ್ದರೆ ಉಳಿಯುತ್ತಿರಲಿಲ್ಲ ಎಂದಳು. ಉಳಿದಿದೆ ಭಾವ.

ಎಲ್ಲ ತೊಳೆದು, ಹೊಸ ಎಣ್ಣೆ ತುಂಬಿ, ಕಾರನ್ನು ಅಂಗಳಕ್ಕೆ ತಂದು ನಿಲ್ಲಿಸಿದರು. ತಳ್ಳಿಯೇ ತಂದರು. ಸೀಟು ಮುಟ್ಟಬೇಡಿ ಎಂದು ಮೊದಲೇ ಹೇಳಿದ್ದೆ. ಅನ್ಯಾ ಚೀಲದಿಂದ ಉಗುರುಬಣ್ಣ ತೆಗೆದು ಕೊಟ್ಟಳು. ಕಂಬಿಯ ಮೇಲೆ, ಸೀಟಿನ ಅಂಚಿಗೆ ಸರಿಯಾಗಿ ಒಂದು ಕೆಂಪು ಚುಕ್ಕೆ ಇಟ್ಟೆ. ಒಣಗುವವರೆಗೆ ಇಬ್ಬರೂ ಕಾದೆವು. ಹಿಡಿ ಎಳೆದೆ. ಸೀಟು ಕಂಬಿಯ ಮೇಲೆ ಐದು ಹಲ್ಲು ಮುಂದೆ ಬಂತು. ನಾನು ಅಳುತ್ತೇನೆ ಎಂದುಕೊಂಡಿದ್ದೆ. ಕಾಲು ಕ್ಲಚ್ಚಿಗೆ ಎಟುಕಿತು. ಅಷ್ಟೇ.

ನೀವು ಹೇಳಿದ್ದು ಎಣ್ಣೆ ಪೂರ್ತಿ ಕಾಯಬೇಕೆಂದು. ದಕ್ಷಿಣಕ್ಕೆ ಹೆದ್ದಾರಿ ಹಿಡಿದು ಟ್ರೂಸಾ ಎಂಬ ಸಮುದ್ರದ ದಂಡೆಯ ಊರಿನವರೆಗೂ ಹೋದೆವು. ಮೊದಲ ಹತ್ತು ನಿಮಿಷ ದೀಪದ ಜಾಗವನ್ನೇ ನೋಡುತ್ತಿದ್ದೆ. ಬಂಕಿನ ಹತ್ತಿರ ಒಂದು ಲಾರಿ ಹಾರ್ನ್ ಹೊಡೆದ ಮೇಲೆ ರಸ್ತೆ ನೋಡಿದೆ. ಹೊಲಗಳಲ್ಲಿ ಹಿಮ ಪಟ್ಟೆ ಪಟ್ಟೆಯಾಗಿ ಕರಗಿತ್ತು. ಎಂಜಿನ್ ಸದ್ದು ಬರೆಯಬೇಕು ನಿಮಗೆ: ಸದ್ದೇ ಇಲ್ಲ. ಪಕ್ಕದ ಕೋಣೆಯ ಉಸಿರೂ ಇಲ್ಲ. ದಾರಿಯ ಸದ್ದು ಮಾತ್ರ. ಅದನ್ನು ಕೇಳಿ ಸ್ವಲ್ಪ ಹೊತ್ತು ಕಷ್ಟವಾಯಿತು. ಆಮೇಲೆ ಆಗಲಿಲ್ಲ.

ಮೊನ್ನೆ ತಪಾಸಣೆಯಲ್ಲಿ ಪಾಸಾಯಿತು. ಇನ್ನು ಮೇಲೆ ಪ್ರತಿ ಶನಿವಾರ ನಲವತ್ತು ನಿಮಿಷ ಓಡಿಸುತ್ತೇನೆ. ನಿಂತಲ್ಲೇ ಸ್ಟಾರ್ಟ್ ಮಾಡುವುದಿಲ್ಲ. ಚಳಿಗಾಲಕ್ಕೆ ಎಂಜಿನ್ ಬಿಸಿ ಮಾಡುವ ವಿದ್ಯುತ್ ತಂತಿಯನ್ನು ಯೊರಾನ್ ತಾನೇ ಜೋಡಿಸಿಕೊಡುತ್ತಾನಂತೆ. ಸಾವಿರ ಕಿಲೋಮೀಟರಿಗೆ ಒಂದು ಎಣ್ಣೆ ಬದಲಾವಣೆ, ಆಮೇಲೆ ಮೀಟರ್ ಎಷ್ಟೇ ಇರಲಿ ವರ್ಷಕ್ಕೊಂದು, ಆಯುಧಪೂಜೆಯ ವಾರ. ಚಳಿ ಹಿಡಿಯುವ ಮೊದಲು ಬರುವ ಹಬ್ಬ ಅದು. ಇಷ್ಟು ವರ್ಷ ಮುಚ್ಚಳದ ಮೇಲೆ ಕುಂಕುಮ ಇಟ್ಟೆವು, ಇನ್ನು ಮುಚ್ಚಳ ತೆಗೆದೂ ನೋಡುತ್ತೇವೆ.

ಅವತ್ತು ಪರದೆಯಲ್ಲಿ ನಾನು ನಿಮ್ಮನ್ನು ಕೇಳಿದ್ದು ಇಷ್ಟೇ: "ಭಾವ, ಅವರ ಕಾರನ್ನು ನಾನೇ ಇಟ್ಟುಕೊಳ್ಳಲಾ?" ನೀವು ತಲೆಯಾಡಿಸಿದಿರಿ. ಆ ಒಂದು ಹೂಂ ಹಿಡಿದುಕೊಂಡು ವರ್ಷವೆಲ್ಲ ಕೀ ತಿರುಗಿಸಿದೆ. ಕೇಳಿಸದೆ ಹೇಳಿದ್ದಾದರೂ ತಪ್ಪು ಉತ್ತರವಲ್ಲ. ಇನ್ನು ಅದಕ್ಕಾಗಿ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಬೇಡಿ.

ಅನ್ಯಾ ಡ್ರೈವಿಂಗ್ ಕಲಿಯಲು ಶುರು ಮಾಡಿದ್ದಾಳೆ. ನಿನ್ನೆ ಮೊದಲ ಸಲ ಆ ಸೀಟಿನಲ್ಲಿ ಕೂತಳು. ನನ್ನ ಜಾಗದಲ್ಲಿ ಅವಳ ಮೊಣಕಾಲು ಸ್ಟೇರಿಂಗಿಗೆ ತಗಲುತ್ತದೆ, ಅವರ ಚುಕ್ಕೆಯಲ್ಲಿ ಪಾದ ಎಟುಕುವುದಿಲ್ಲ. "ಅಮ್ಮಾ, ಅಪ್ಪನ ಪ್ಲೇಸ್ ಅಲ್ಲೇ ಇದೆ ನೋಡು, ಓಕೆ ತಾನೇ?" ಎಂದು ಕೆಂಪು ಚುಕ್ಕೆ ತೋರಿಸಿ, ಸೀಟನ್ನು ಹಿಂದೆ ಮುಂದೆ ಜಾರಿಸಿ ತನ್ನ ಜಾಗ ಹುಡುಕಿದಳು. ಸಿಕ್ಕ ಕೂಡಲೇ ಬಾಗಿಲು ತೆಗೆದು, ಬಗ್ಗಿ, ಹಸಿರು ಉಗುರುಬಣ್ಣದಲ್ಲಿ ಒಂದು ಚುಕ್ಕೆ ಇಟ್ಟಳು. ಅವರ ಚುಕ್ಕೆಗಿಂತ ಎರಡು ಹಲ್ಲು ಮುಂದೆ, ನನ್ನ ಜಾಗಕ್ಕಿಂತ ಮೂರು ಹಲ್ಲು ಹಿಂದೆ.

ಕೋಕಿಲಾ